ಹುಡುಗರ ಹೆಗಲಿಗೆ ಅಳೆದ ಕೋವಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಿಂದ ಎರಡನೆಯ ಮಹಾಯುದ್ಧದವರೆಗಿನ ಅವಧಿಯಲ್ಲಿ ಯೂರೋಪು, ಅಮೆರಿಕ ಮತ್ತು ಬ್ರಿಟಿಷ್ ಸಾಮ್ರಾಜ್ಯದ ಸರಕಾರಗಳು ಯುದ್ಧಕ್ಕೆ ಬೇಕಾದ ರೈಫಲ್‌ಗಳ ಜೊತೆಜೊತೆಗೇ, ಯುದ್ಧವಿದ್ಯೆಯನ್ನು ಕಲಿಸುವುದಕ್ಕೆಂದು ಬೇರೊಂದು ಜಾತಿಯ ರೈಫಲ್‌ಗಳನ್ನೂ ಮಾಡಿಸಿದವು. ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳನ್ನು ಕೊರೆದು ಗುಂಡು ತನ್ನ ಸುತ್ತ ತಾನೇ ತಿರುಗುತ್ತ ಹೋಗುವಂತೆ ಮಾಡಿದ ಕೋವಿಯೇ ರೈಫಲ್. ಅದರಲ್ಲಿ ತೋಟಾಗಳನ್ನು ಕೂಡಿಡುವ ಮ್ಯಾಗಝಿನ್ ಇಲ್ಲದೆ, ಪ್ರತಿಸಲವೂ ಒಂದೊಂದೇ ತೋಟಾವನ್ನು ಕೈಯಿಂದ ತುಂಬಿ ಹಾರಿಸಬೇಕಾದರೆ ಅದು ಏಕಗುಂಡಿನ ರೈಫಲ್. ತರಬೇತಿಗೆಂದು ಮಾಡಿದ ಇಂಥ ರೈಫಲ್‌ಗಳು ಯುದ್ಧಭೂಮಿಯನ್ನು ಕಾಣದೆ ಶಾಲೆಗಳ ಕಪಾಟುಗಳಲ್ಲಿ, ಕವಾಯತು ಮೈದಾನಗಳಲ್ಲಿ, ಕ್ಲಬ್ಬುಗಳ ಒಳಾಂಗಣ ಗುರಿಶಾಲೆಗಳಲ್ಲಿ ಸವೆದವು; ಅವುಗಳ ಕಾಲ ಮುಗಿದಾಗ ಸರಕಾರಗಳು ಅವನ್ನು ಜತನವಾಗಿ ಎತ್ತಿಡದೆ ಅಗ್ಗದ ಬೆಲೆಗೆ ಮಾರಿದವು. ಹೀಗಾಗಿ ಸಂಗ್ರಾಹಕರ ಕೈಗೆ ಸಿಗುವ ತರಬೇತಿ ರೈಫಲ್ ಬಹುಪಾಲು ಯಾರೋ ಕತ್ತರಿಸಿದ, ನಳಿಗೆ ಬದಲಿಸಿದ, ಮರ ಕೆತ್ತಿದ ವಸ್ತುವಾಗಿರುತ್ತದೆ, ಮತ್ತು ಅದನ್ನು ಗುರುತಿಸುವ ಕೆಲಸ ಯುದ್ಧದ ರೈಫಲನ್ನು ಗುರುತಿಸುವುದಕ್ಕಿಂತ ಕಷ್ಟದ್ದಾಗಿರುತ್ತದೆ.

ಈ ಕೆಲಸವನ್ನು ಹೆಚ್ಚಿನವರು ಲೋಹದ ಮೇಲಿನ ಮುದ್ರೆಗಳಿಂದ ಆರಂಭಿಸುತ್ತಾರೆ. ಮುದ್ರೆಗಳನ್ನು ಕೊನೆಗೆ ಓದುವುದೇ ಲೇಸು, ಏಕೆಂದರೆ ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು. ಮೊದಲು ಕೇಳಬೇಕಾದ ಪ್ರಶ್ನೆ, ಈ ಕೋವಿಯನ್ನು ಪೂರ್ಣಗಾತ್ರದ ಸೈನಿಕ ರೈಫಲ್‌ಗಿಂತ ಕಿರಿದು ಮಾಡಿದ್ದು ಏತಕ್ಕೆ ಎಂಬುದು. ಅದನ್ನು ಹಿಡಿಯುವ ಹುಡುಗನ ತೋಳು ಚಿಕ್ಕದೆಂದು ಕಿರಿದು ಮಾಡಿದ್ದರೆ ಮರ, ನಳಿಗೆ, ತೂಕ ಎಲ್ಲವೂ ಇಳಿದಿರುತ್ತವೆ. ಮದ್ದುಗುಂಡಿನ ಖರ್ಚನ್ನು ಉಳಿಸಲು ಕಿರಿದು ಮಾಡಿದ್ದರೆ ಹೊರಗಿನ ಗಾತ್ರ ಹಾಗೆಯೇ ಉಳಿದು ನಳಿಗೆಯ ರಂಧ್ರವಷ್ಟೇ ಸಣ್ಣದಾಗಿರುತ್ತದೆ. ಈ ಎರಡು ಕಾರಣಗಳಲ್ಲಿ ಯಾವುದೆಂದು ತಿಳಿದರೆ ದೇಶ ಮತ್ತು ಕಾಲವನ್ನು ಊಹಿಸುವುದು ಅರ್ಧ ಮುಗಿದಂತೆ.

ಹುಡುಗರ ಮೈಗೆ ಅಳೆದು ಮಾಡಿದ ಕೋವಿಯ ಅತ್ಯಂತ ಸ್ಪಷ್ಟ ಉದಾಹರಣೆ ಫ್ರಾನ್ಸಿನದು. 1870–71ರಲ್ಲಿ ಪ್ರಷ್ಯದ ಎದುರು ಸೋತ ಫ್ರಾನ್ಸ್, ಮುಂದಿನ ಪೀಳಿಗೆಯನ್ನು ಶಾಲೆಯಲ್ಲಿಯೇ ಸೈನಿಕರನ್ನಾಗಿ ಸಿದ್ಧಪಡಿಸಬೇಕೆಂಬ ಹಟದಿಂದ 1882ರ ಜುಲೈ 6ರಂದು ಹೊರಡಿಸಿದ ಆಜ್ಞೆಯ ಮೂಲಕ ಶಾಲಾ ಪಡೆಗಳಿಗೆ ರೂಪ ಕೊಟ್ಟು, ಹನ್ನೆರಡು ವರ್ಷ ದಾಟಿದ ಹುಡುಗರು ಸಾಕಷ್ಟಿದ್ದ ಶಾಲೆಗಳಲ್ಲಿ ಕವಾಯತನ್ನು ಆರಂಭಿಸಿತು. ಆ ಪಡೆಗಳಿಗೆ ಕೊಡುವ ರೈಫಲ್ ಹೇಗಿರಬೇಕೆಂಬುದಕ್ಕೆ ಆಜ್ಞೆ ವಿಧಿಸಿದ ನಿಬಂಧನೆಗಳು ಕುತೂಹಲಕರವಾಗಿವೆ: ಅದು ಮಕ್ಕಳ ವಯಸ್ಸಿಗೆ ಭಾರವಾಗಬಾರದು, ಸೈನ್ಯದ ರೈಫಲ್‌ನ ಯಂತ್ರಭಾಗವೆಲ್ಲ ಅದರಲ್ಲಿರಬೇಕು, ಆದರೆ ಅದರಿಂದ ಗುಂಡು ಹಾರುವಂತಿರಬಾರದು. ಅಂದಿನ ಫ್ರೆಂಚ್ ಸೈನ್ಯದ ರೈಫಲ್ 1874ರ ಮಾದರಿಯ ಗ್ರಾ ಆಗಿತ್ತು. ಬೋಲ್ಟ್ ಎಂಬ ಅಗುಳಿಯನ್ನು ಹಿಂದಕ್ಕೆಳೆದು ಒಂದು ತೋಟಾ ಹಾಕಿ ಮುಚ್ಚುವ 11 ಮಿಲಿಮೀಟರ್ ಬೋರಿನ, ಅಂದರೆ ನಳಿಗೆರಂಧ್ರದ, ಏಕಗುಂಡಿನ ರೈಫಲ್ ಅದು. ಶಾಲೆಗಳಿಗೆ ಬಂದದ್ದು ಅದರದೇ ಕಿರಿಯ ಪ್ರತಿ. ಗುರಿಯಭ್ಯಾಸವನ್ನು ಹದಿನಾಲ್ಕು ದಾಟಿದವರಿಗೆ ಮಾತ್ರ, ಬೇರೆ ರೈಫಲ್‌ಗಳಿಂದ, ಗುರಿಶಾಲೆಯಲ್ಲಿ ಮಾಡಿಸಲಾಗುತ್ತಿತ್ತು. ಈ ಹಿನ್ನೆಲೆ ತಿಳಿಯದ ಕೊಳ್ಳುಗ, ನಳಿಗೆ ಕೊರೆಯದ ಅಥವಾ ಹಿಂಬಾಯಿ ಮುಚ್ಚಿದ ಗ್ರಾ ಕಂಡಾಗ ಅದನ್ನು ಯಾರೋ ಕೆಡಿಸಿದ್ದಾರೆಂದು ಭಾವಿಸಿ ಬದಿಗಿಡುತ್ತಾನೆ. ವಾಸ್ತವವಾಗಿ ಅದು ಹುಟ್ಟಿದ್ದೇ ಹಾಗೆ. ಹತ್ತು ವರ್ಷ ತುಂಬುವ ಹೊತ್ತಿಗೆ ಈ ಶಾಲಾ ಪಡೆಗಳು ಮುಚ್ಚಿಹೋದವು, ಮತ್ತು ಆ ಕಾಲಾವಧಿಯ ಕಿರಿದುತನವೇ ಇಂದು ಕಾಲನಿರ್ಣಯಕ್ಕೆ ಒದಗುವ ಸಾಕ್ಷಿಯಾಗಿದೆ.

ಸ್ವಿಟ್ಜರ್‌ಲೆಂಡಿನವರ ದಾರಿ ಬೇರೆ. ಅವರ ಸೈನ್ಯದ ವೆಟ್ಟರ್ಲಿ ರೈಫಲ್ ನಳಿಗೆಯ ಕೆಳಗಿನ ಕೊಳವೆಯಲ್ಲಿ ಹತ್ತಕ್ಕಿಂತ ಹೆಚ್ಚು ತೋಟಾಗಳನ್ನು ತುಂಬಿಕೊಳ್ಳುತ್ತಿದ್ದರೆ, ಕ್ಯಾಡೆಟ್‌ಗಳಿಗೆ, ಅಂದರೆ ಸೈನಿಕ ಶಿಕ್ಷಣ ಪಡೆಯುವ ವಿದ್ಯಾರ್ಥಿಗಳಿಗೆ, ಕೊಟ್ಟ 1870ರ ವೆಟ್ಟರ್ಲಿಯಲ್ಲಿ ಆ ಕೊಳವೆಯೂ ಇಲ್ಲ, ಪಕ್ಕದಲ್ಲಿ ತೋಟಾ ತುಂಬುವ ಕಿಂಡಿಯೂ ಇಲ್ಲ. ಅದರ ಉತ್ತರಾಧಿಕಾರಿಯಾದ 1897ರ ಕ್ಯಾಡೆಟ್ ರೈಫಲ್ ಶ್ಮಿಟ್–ರೂಬಿನ್ ಮಾದರಿಯದು. ಅದಕ್ಕೂ ಮ್ಯಾಗಝಿನ್ ಇಲ್ಲ, ತೋಟಾದಲ್ಲಿನ ಮದ್ದೂ ಕಡಿಮೆ. ಸ್ವಿಸ್ ವಸ್ತುಗಳ ಗುರುತು ಸಾಮಾನ್ಯವಾಗಿ ಸುಲಭ, ಏಕೆಂದರೆ ಆ ದೇಶ ತನ್ನ ಆಯುಧಗಳ ಸಂಖ್ಯೆಯನ್ನು ಭಾಗಭಾಗದ ಮೇಲೂ ಅಚ್ಚುಕಟ್ಟಾಗಿ ಹಾಕಿದೆ ಮತ್ತು ಕೋವಿಗಳು ಹೊರಗಿನ ಯುದ್ಧಗಳಿಗೆ ಹೋಗಿ ಚದುರಿಲ್ಲ.

ಬ್ರಿಟನ್ನಿನಲ್ಲಿ ಸಣ್ಣ ಬೋರಿನ ಕಥೆ ಹುಡುಗರಿಂದಲ್ಲ, ಖರ್ಚಿನಿಂದ ಮತ್ತು ಜಾಗದ ಅಭಾವದಿಂದ ಆರಂಭವಾಗುತ್ತದೆ. 1871ರಲ್ಲಿ ಸೈನ್ಯಕ್ಕೆ ಬಂದ ಮಾರ್ಟಿನಿ–ಹೆನ್ರಿ ರೈಫಲ್‌ನ ದೊಡ್ಡ ತೋಟಾ ದುಬಾರಿಯಾಗಿತ್ತು, ಹೆಗಲಿಗೆ ಗುದ್ದುತ್ತಿತ್ತು, ಮತ್ತು ಅದನ್ನು ಹಾರಿಸಲು ಊರಾಚೆಯ ವಿಶಾಲ ಬಯಲು ಬೇಕಿತ್ತು. 1880ರ ದಶಕದಲ್ಲಿ ಮೋರಿಸ್ ಎಂಬಾತನ ಹೆಸರಿನ ಕೊಳವೆ ಬಳಕೆಗೆ ಬಂದು, ದೊಡ್ಡ ನಳಿಗೆಯೊಳಗೆ ಸಣ್ಣ ನಳಿಗೆಯೊಂದನ್ನು ತೂರಿಸಿ, .297/230 ಎಂಬ ಪುಟ್ಟ ತೋಟಾದಿಂದ ನಾಲ್ಕು ಗೋಡೆಗಳ ನಡುವೆಯೇ ಗುರಿ ಕಲಿಯುವುದು ಸಾಧ್ಯವಾಯಿತು. 1899ರಿಂದ 1902ರವರೆಗಿನ ಬೋಯರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕದ ರೈತರ ಗುರಿಗಾರಿಕೆಯ ಎದುರು ಬ್ರಿಟಿಷ್ ಸೈನಿಕರು ಪಟ್ಟ ಪಾಡು ಈ ಅಭ್ಯಾಸವನ್ನು ರಾಷ್ಟ್ರೀಯ ಆಂದೋಲನವನ್ನಾಗಿಸಿತು. 1901ರಲ್ಲಿ ಕೆಲಸಗಾರರ ರೈಫಲ್ ಕ್ಲಬ್ಬುಗಳ ಸಂಘ ಹುಟ್ಟಿ, ಆ ಯುದ್ಧದಲ್ಲಿ ಸೇನಾಧಿಪತಿಯಾಗಿದ್ದ ಲಾರ್ಡ್ ರಾಬರ್ಟ್ಸ್ ಸ್ವತಃ ಅದರ ಬೆನ್ನಿಗೆ ನಿಂತರು. ಕ್ಲಬ್ಬುಗಳು ಆರಿಸಿಕೊಂಡದ್ದು .22 ಇಂಚಿನ ತೋಟಾವನ್ನು. ಇದರಲ್ಲಿ ಸಿಡಿಯುವ ರಾಸಾಯನಿಕ ತಳದ ಅಂಚಿನ ಸುತ್ತ ತುಂಬಿರುವುದರಿಂದ ಕೋವಿಯ ಮೊಳೆ ತಳದ ನಡುವೆ ಬಡಿಯದೆ ಅಂಚಿಗೆ ಬಡಿಯಬೇಕಾಗುತ್ತದೆ. 1907ರಲ್ಲಿ ಸೈನ್ಯವೇ ಹಳೆಯ ಲೀ–ಮೆಟ್‌ಫರ್ಡ್ ರೈಫಲ್‌ಗಳನ್ನು .22ಕ್ಕೆ ಪರಿವರ್ತಿಸಿ, ಮ್ಯಾಗಝಿನ್‌ನ ಕೆಲಸವನ್ನು ತಪ್ಪಿಸಿ, ಏಕಗುಂಡಿನ ತರಬೇತಿ ರೈಫಲ್‌ಗಳನ್ನಾಗಿ ಮಾಡಿಕೊಂಡಿತು. ತೂಕ, ಸಮತೋಲ, ಬೋಲ್ಟಿನ ಚಲನೆ ಎಲ್ಲವೂ ಸೈನಿಕನ ಸ್ವಂತ ರೈಫಲ್‌ನಂತೆಯೇ ಇದ್ದು, ಖರ್ಚು ಮಾತ್ರ ಬಿಡಿಗಾಸಿನದಾಗಬೇಕೆಂಬುದು ಇದರ ಹಿಂದಿನ ಲೆಕ್ಕ.

ಸಂಗ್ರಾಹಕರ ಕಣ್ಣಿನಲ್ಲಿ ಇವೆಲ್ಲವುಗಳಿಗಿಂತ ಪ್ರಿಯವಾದದ್ದು ಮತ್ತು ತಪ್ಪು ಗುರುತಿಗೆ ಹೆಚ್ಚು ಗುರಿಯಾದದ್ದು ಆಸ್ಟ್ರೇಲಿಯದ .310 ಮಾರ್ಟಿನಿ ಕ್ಯಾಡೆಟ್. ಅದರ ಯಂತ್ರಕ್ಕೆ ಒಂದು ವಂಶಾವಳಿಯೇ ಇದೆ. ಬಾಸ್ಟನ್ನಿನ ಹೆನ್ರಿ ಪೀಬಾಡಿ 1862ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸದಲ್ಲಿ ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಉಕ್ಕಿನ ದಿಮ್ಮಿ ಹಿಂತುದಿಯಲ್ಲಿ ಕೀಲುಗೊಂಡಿದ್ದು, ಕೆಳಗಿನ ಲಿವರನ್ನು ಒತ್ತಿದಾಗ ಅದರ ಮುಂತುದಿ ಕೆಳಗಿಳಿದು ತೋಟಾಕ್ಕೆ ದಾರಿ ಬಿಡುತ್ತಿತ್ತು. ಆದರೆ ಮೊಳೆಗೆ ಬಡಿಯುವ ಸುತ್ತಿಗೆ ಹೊರಗಡೆಯೇ ಉಳಿದಿತ್ತು. ಸ್ವಿಟ್ಜರ್‌ಲೆಂಡಿನ ಫ್ರಾವೆನ್‌ಫೆಲ್ಡಿನಲ್ಲಿ ಕೆಲಸ ಮಾಡುತ್ತಿದ್ದ ಫ್ರೀಡ್ರಿಕ್ ಫಾನ್ ಮಾರ್ಟಿನಿ ಆ ಸುತ್ತಿಗೆಯನ್ನು ತೆಗೆದುಹಾಕಿ, ಸುರುಳಿ ಸ್ಪ್ರಿಂಗಿನ ಬಲದ ಮೊಳೆಯನ್ನು ದಿಮ್ಮಿಯ ಒಳಗೇ ಅಡಗಿಸಿದನು. ದೊಡ್ಡ ಮಾರ್ಟಿನಿ–ಹೆನ್ರಿಯ ನಳಿಗೆಯ ಗೀರುಗಳು ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯವು. ಯಂತ್ರದ ಮೇಲೆ ಆಡಿದ ಮೂರನೆಯ ಕೈ ಬೆಲ್ಜಿಯಂನ ಲಿಯೇಜ್ ಪಟ್ಟಣದ ಫ್ರಾಂಕೋಟ್ ಮನೆತನದ್ದು: ಲಿವರ್, ದಿಮ್ಮಿ, ಟ್ರಿಗರ್ ಎಲ್ಲವನ್ನೂ ಒಂದೇ ಚೌಕಟ್ಟಿಗೆ ಜೋಡಿಸಿ, ಒಂದು ಪಿನ್ನನ್ನು ಸರಿಸಿದರೆ ಇಡೀ ಗುಂಪು ಕೆಳಗಿನಿಂದ ಈಚೆಗೆ ಬರುವಂತೆ ಮಾಡಿದ್ದು ಅವರ ಸುಧಾರಣೆ. ಹುಡುಗರ ಕೈಗೆ ಕೊಡುವ ಕೋವಿಯನ್ನು ಬೇಗ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವಂತಿರಬೇಕೆಂಬ ಅಗತ್ಯಕ್ಕೆ ಇದು ಹೇಳಿ ಮಾಡಿಸಿದಂತಿತ್ತು. ದೊಡ್ಡ ಮಾರ್ಟಿನಿ–ಹೆನ್ರಿಯಲ್ಲಿ ಈ ಸೌಕರ್ಯವಿಲ್ಲ. ಆದ್ದರಿಂದ ಕ್ಯಾಡೆಟ್ ಮಾರ್ಟಿನಿಯನ್ನು ದೊಡ್ಡದರ ಕಿರುಪ್ರತಿ ಎಂದು ಕರೆಯುವ ವಾಡಿಕೆ ಹೊರರೂಪಕ್ಕೆ ಮಾತ್ರ ನಿಜ, ಒಳಗಿನ ಯಂತ್ರಕ್ಕೆ ಅಲ್ಲ.

ಆಸ್ಟ್ರೇಲಿಯ ಈ ರೈಫಲನ್ನು ಕೊಂಡದ್ದಕ್ಕೆ ರಾಜಕೀಯ ಕಾರಣವಿತ್ತು. ಹೊಸದಾಗಿ ಒಂದಾದ ಆ ದೇಶ 1911ರಿಂದ ಹನ್ನೆರಡು ವರ್ಷ ಮೇಲ್ಪಟ್ಟ ಹುಡುಗರಿಗೆ ಸೈನಿಕ ತರಬೇತಿಯನ್ನು ಕಡ್ಡಾಯಗೊಳಿಸಿತು. ಹನ್ನೆರಡರಿಂದ ಹದಿನಾಲ್ಕರವರೆಗೆ ಕಿರಿಯ ಕ್ಯಾಡೆಟ್, ಅಲ್ಲಿಂದ ಹದಿನೆಂಟರವರೆಗೆ ಹಿರಿಯ ಕ್ಯಾಡೆಟ್. ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದ ಕ್ರೈಸ್ತರು ಇದನ್ನು ಗಟ್ಟಿಯಾಗಿ ವಿರೋಧಿಸಿದರು, ಕವಾಯತಿಗೆ ಬಾರದ ಸಾವಿರಾರು ಹುಡುಗರ ಮೇಲೆ ಮೊಕದ್ದಮೆಗಳೂ ನಡೆದವು. ಈ ಕಹಿ ಸಂಗತಿ ಸಂಗ್ರಾಹಕರ ಕೈಪಿಡಿಗಳಲ್ಲಿ ಕಾಣುವುದು ಅಪರೂಪ. ಬರ್ಮಿಂಗ್‌ಹ್ಯಾಮ್‌ನ ಬಿಎಸ್ಎ ಕಂಪನಿ ಮತ್ತು ಅದೇ ಊರಿನ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ ಕಂಪನಿ ಆಸ್ಟ್ರೇಲಿಯಕ್ಕೆ ರೈಫಲ್‌ಗಳನ್ನು ಪೂರೈಸಿದವು. ಗ್ರೀನರ್ 1900ರ ಸುಮಾರಿಗೆ ರೂಪಿಸಿದ್ದ .310 ತೋಟಾ 120 ಗ್ರೇನ್ ತೂಕದ ಸೀಸದ ಗುಂಡನ್ನು ಹೊತ್ತಿದ್ದು, ಸೈನ್ಯದ .303 ತೋಟಾಕ್ಕಿಂತ ಬಹಳ ಮೆತ್ತನೆಯದಾಗಿತ್ತು. ನಳಿಗೆ ಇಪ್ಪತ್ತೈದು ಅಂಗುಲದ ಆಸುಪಾಸಿನದು. ಯೋಜನೆಯ ಕಡ್ಡಾಯವನ್ನು 1929ರಲ್ಲಿ ಅಲ್ಲಿನ ಲೇಬರ್ ಸರಕಾರ ಕೈಬಿಟ್ಟಿತು, ಮತ್ತು ಎರಡನೆಯ ಮಹಾಯುದ್ಧದ ಅನಂತರ ದಾಸ್ತಾನಿನಲ್ಲಿದ್ದ ರೈಫಲ್‌ಗಳು ಸಾರ್ವಜನಿಕ ಮಾರುಕಟ್ಟೆಗೆ ಬಂದವು.

ಈಗ ಮುದ್ರೆಗಳನ್ನು ಓದಬಹುದು. ಯಂತ್ರದ ಉಕ್ಕಿನ ಪೆಟ್ಟಿಗೆಯ ಬಲಮಗ್ಗುಲಿನಲ್ಲಿ ಕಾಂಗರೂವಿನ ಚಿತ್ರವೂ ಅದರ ಸುತ್ತ ಕಾಮನ್‌ವೆಲ್ತ್ ಆಫ್ ಆಸ್ಟ್ರೇಲಿಯ ಎಂಬ ಬರಹವೂ ಇದ್ದರೆ ಅದು ಒಕ್ಕೂಟ ಸರಕಾರದ ಖರೀದಿ. ಪೆಟ್ಟಿಗೆಯ ಇನ್ನೊಂದು ಮಗ್ಗುಲಿನಲ್ಲಿ ತಯಾರಕರ ಹೆಸರಿರುತ್ತದೆ. ಬಿಎಸ್ಎಯದಾದರೆ ಮೂರು ರೈಫಲ್‌ಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಅದರ ವ್ಯಾಪಾರ ಚಿಹ್ನೆಯೂ ಕಾಣಬಹುದು. ಸಿ.ಎಂ.ಎಫ್. ಎಂಬ ಅಕ್ಷರಗಳು ಆ ದೇಶದ ಸೇನಾಬಲವನ್ನು ಸೂಚಿಸಿದರೆ, ಅವುಗಳ ಜೊತೆಗಿರುವ ಎನ್.ಎಸ್.ಡಬ್ಲ್ಯೂ., ವಿಕ್., ಟಾಸ್. ಮುಂತಾದ ಸಂಕ್ಷೇಪಗಳು ರೈಫಲ್ ಯಾವ ರಾಜ್ಯಕ್ಕೆ ಹಂಚಿಕೆಯಾಯಿತೆಂಬುದನ್ನು ತಿಳಿಸುತ್ತವೆ. ಎರಡು ಡಿ ಅಕ್ಷರಗಳ ನಡುವೆ ಬಾಣದ ಗುರುತಿದ್ದರೆ ಅದು ರಕ್ಷಣಾ ಇಲಾಖೆಯ ಸ್ವತ್ತಿನ ಮುದ್ರೆ. ಬ್ರಿಟಿಷ್ ಸಾಮ್ರಾಜ್ಯದ ಸರಕಾರಿ ಆಯುಧಗಳ ಮೇಲೆಲ್ಲ ಕಾಣುವ ಈ ಅಗಲ ಬಾಣಕ್ಕೆ ಒಂದು ವ್ಯಾಕರಣವಿದೆ: ಒಂಟಿ ಬಾಣವೆಂದರೆ ಸರಕಾರದ ಆಸ್ತಿ, ಅದರ ಕೆಳಗೆ ಐ ಅಕ್ಷರವಿದ್ದರೆ ಬ್ರಿಟಿಷ್ ಭಾರತದ ಸೇನೆ ಒಪ್ಪಿಕೊಂಡದ್ದು, ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸೇವೆಯಿಂದ ಕಾನೂನುಬದ್ಧವಾಗಿ ಮಾರಿ ಹೊರಹಾಕಿದ್ದು. ಮೊನೆಗೆ ಮೊನೆ ತಾಗಿದ ಬಾಣಗಳು ಸಂಗ್ರಾಹಕರಿಗೆ ಸಮಾಧಾನ ಕೊಡುವ ಮುದ್ರೆ, ಏಕೆಂದರೆ ವಸ್ತು ಕಳವಿನದಲ್ಲವೆಂಬುದಕ್ಕೆ ಅದು ಸಾಕ್ಷಿ. ಇವುಗಳ ಹೊರತಾಗಿ ನಳಿಗೆಯ ಬುಡದಲ್ಲಿ ಪರೀಕ್ಷಾ ಮುದ್ರೆಗಳಿರುತ್ತವೆ, ಅಂದರೆ ಹೆಚ್ಚು ಮದ್ದು ತುಂಬಿ ಹಾರಿಸಿ ನಳಿಗೆ ತಡೆದುಕೊಂಡಿತೆಂದು ಪರೀಕ್ಷಾಗೃಹ ಒತ್ತಿದ ಗುರುತುಗಳು. ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹ 1904ರಿಂದ ಕಿರೀಟದ ಕೆಳಗೆ ಬಿಪಿ, ಬಿವಿ ಎಂಬ ಅಕ್ಷರಗಳನ್ನು ಹಾಕಿತು; ಅದಕ್ಕಿಂತ ಹಿಂದೆ ಅಡ್ಡಲಾಗಿ ಹೆಣೆದ ರಾಜದಂಡಗಳ ಗುರುತಿತ್ತು. ಲಿಯೇಜ್‌ನ ಗುರುತು ಅಂಡಾಕೃತಿಯೊಳಗಿನ ಇಎಲ್‌ಜಿ ಅಕ್ಷರಗಳು, 1893ರಿಂದೀಚೆಗೆ ಅದರ ಮೇಲೊಂದು ಕಿರೀಟ.

ಮುದ್ರೆಗಳು ಹೇಳುವ ಕಥೆಗೂ ನಳಿಗೆಯ ಒಳಗಿನ ಸ್ಥಿತಿಗೂ ಹೊಂದಿಕೆಯಾಗದಿರುವುದು ಈ ರೈಫಲ್‌ಗಳಲ್ಲಿ ನಿತ್ಯದ ಸಂಗತಿ. ಯುದ್ಧಾನಂತರ ಅಡಿಲೇಡಿನ ಸ್ಪೋರ್ಟ್‌ಕೊ ಕಂಪನಿ ಕ್ಯಾಡೆಟ್ ರೈಫಲ್‌ಗಳಿಗೆ ಬೇರೆ ನಳಿಗೆ ಹಾಕಿ ಮೊಲ, ನರಿಗಳ ಬೇಟೆಗೆಂದು ಮಾರಿತು. ಅಮೆರಿಕಕ್ಕೆ ಹೋದವುಗಳನ್ನು ಅಲ್ಲಿನ ಕುಶಲಕರ್ಮಿಗಳು ತಮಗೆ ಬೇಕಾದ ತೋಟಾಗಳಿಗೆಲ್ಲ ಹೊಂದಿಸಿಕೊಂಡರು. .32-20 ಎಂಬ ಅಮೆರಿಕನ್ ತೋಟಾಕ್ಕೆ ಹಿಂಬಾಯಿಯನ್ನಷ್ಟೇ ಹಿಗ್ಗಿಸಿ, ಮೂಲ ನಳಿಗೆಯನ್ನು ಹಾಗೆಯೇ ಬಿಟ್ಟ ರೈಫಲ್‌ಗಳು ಬಹಳಷ್ಟಿವೆ. ಕ್ಯಾಡೆಟ್ ನಳಿಗೆಯ ಗೀರುಗಳ ವ್ಯಾಸ ಹೆಸರಿನಲ್ಲಿರುವ .310ಕ್ಕಿಂತ ದೊಡ್ಡದಾಗಿ ಸುಮಾರು .32ರ ಹತ್ತಿರವಿರುವುದರಿಂದ .32-20ರ ಸಣ್ಣ ಗುಂಡು ಅದರಲ್ಲಿ ಗೀರುಗಳನ್ನು ಸರಿಯಾಗಿ ಹಿಡಿಯದೆ ಗುರಿ ತಪ್ಪುತ್ತದೆ. .22ಕ್ಕೆ ಪರಿವರ್ತಿಸಿದ್ದನ್ನು ಕಂಡುಹಿಡಿಯಲು ದಿಮ್ಮಿಯ ಮುಖವನ್ನು ನೋಡಿದರೆ ಸಾಕು: ಮೊಳೆಯ ಮೂಲ ರಂಧ್ರವನ್ನು ನಡುವಿನಲ್ಲಿ ಬೆಸೆದು ಮುಚ್ಚಿ, ಅಂಚಿನ ಕಡೆಗೆ ಹೊಸದನ್ನು ಕೊರೆದಿರುತ್ತಾರೆ. ಇಲ್ಲೊಂದು ಎಡವುವ ಕಲ್ಲಿದೆ. ಬಿಎಸ್ಎ ಕಂಪನಿಯೇ ಇದೇ ಸಣ್ಣ ಯಂತ್ರದ ಮೇಲೆ 12, 13, 15 ಎಂಬ ಸಂಖ್ಯೆಗಳ .22 ಸ್ಪರ್ಧಾ ರೈಫಲ್‌ಗಳನ್ನು ಮಾರಿತು; ಅವು ಪರಿವರ್ತಿತ ಕ್ಯಾಡೆಟ್‌ಗಳಲ್ಲ, ಕಾರ್ಖಾನೆಯಿಂದಲೇ ಹಾಗೆ ಬಂದವು. ಕಾಂಗರೂ ಇಲ್ಲದ, ರಾಜ್ಯದ ಹೆಸರಿಲ್ಲದ, ಅಂಚಿನ ಮೊಳೆಯ ಸುತ್ತ ಬೆಸುಗೆಯ ಕಲೆಯಿಲ್ಲದ ಮಾರ್ಟಿನಿಯನ್ನು ಸೈನಿಕ ವಸ್ತುವೆಂದು ಮಾರುವವನ ಮಾತನ್ನು ಒಪ್ಪಬೇಕಾಗಿಲ್ಲ.

ಅಮೆರಿಕದ ತರಬೇತಿ ರೈಫಲ್‌ಗಳಲ್ಲಿ ವೆಸ್ಟ್ ಪಾಯಿಂಟ್ ಸೇನಾ ವಿದ್ಯಾಲಯದ ವಿದ್ಯಾರ್ಥಿಗಳಿಗೆ ಮಾಡಿದ ಸ್ಪ್ರಿಂಗ್‌ಫೀಲ್ಡ್ ಕ್ಯಾಡೆಟ್ ಮುಖ್ಯವಾದದ್ದು. ನಳಿಗೆಯ ಹಿಂಬಾಯಿಯ ಮುಚ್ಚಳ ಮೇಲಕ್ಕೆ ತೆರೆದುಕೊಳ್ಳುವುದರಿಂದ ಇದನ್ನು ನೆಲಬಾಗಿಲಿನ ಸ್ಪ್ರಿಂಗ್‌ಫೀಲ್ಡ್ ಎನ್ನುತ್ತಾರೆ. ಕ್ಯಾಡೆಟ್‌ಗಳದು ಸೈನಿಕರದಕ್ಕಿಂತ ಮೂರು ಅಂಗುಲ ಗಿಡ್ಡ, ತೋಟಾದ ಮದ್ದೂ ಎಪ್ಪತ್ತು ಗ್ರೇನ್‌ನ ಬದಲು ಐವತ್ತೈದು. ಇದರ ನಿಜವಾದ ಶತ್ರು ನಕಲಿ ಮಾಡುವವನಲ್ಲ, ಸೈನ್ಯದ ಹಳೆಯ ಸರಕನ್ನು ಕೊಂಡು ಮಾರುತ್ತಿದ್ದ ಅಂದಿನ ವ್ಯಾಪಾರಿ. ನ್ಯೂಯಾರ್ಕಿನ ಬ್ಯಾನರ್‌ಮನ್ ಅಂಗಡಿಯಂಥವು ಸೈನ್ಯದ ಹಳೆಯ ರೈಫಲ್‌ಗಳನ್ನು ಕಡಿದು ಶಾಲೆಗಳಿಗೂ ಹುಡುಗರ ಸಂಘಗಳಿಗೂ ಕ್ಯಾಡೆಟ್ ರೈಫಲ್‌ಗಳೆಂದು ಮಾರಿದವು, ಮತ್ತು ಆ ಕಡಿತವೂ ಇಂದು ನೂರು ವರ್ಷ ಹಳೆಯದಾದ್ದರಿಂದ ಲೋಹದ ಮುಪ್ಪು ಎರಡರಲ್ಲೂ ಒಂದೇ. ನಳಿಗೆ ತುದಿಯತ್ತ ಸಣ್ಣಗಾಗುತ್ತ ಹೋಗುವುದರಿಂದ, ಕಡಿದ ನಳಿಗೆಯ ಬಾಯಿ ಮೂಲದ್ದಕ್ಕಿಂತ ದಪ್ಪವಾಗಿರುತ್ತದೆ. ಅಳತೆಯ ಉಪಕರಣವೊಂದೇ ಇಲ್ಲಿ ತೀರ್ಪು ಹೇಳಬಲ್ಲದು.

ಉದ್ದೇಶಪೂರ್ವಕ ನಕಲಿಗಳ ತವರು ಖೈಬರ್ ಕಣಿವೆಯ ಪ್ರದೇಶ. ಪೇಶಾವರದ ದಕ್ಷಿಣದ ದರ್ರಾ ಆದಮ್ ಖೇಲ್‌ನ ಕಮ್ಮಾರರು ಮಾರ್ಟಿನಿಗಳನ್ನು ಕೈಯಿಂದಲೇ ತಯಾರಿಸಿದ ಪರಂಪರೆ ದೊಡ್ಡದು, 2001ರ ಅನಂತರ ಅಫ್ಘಾನಿಸ್ತಾನದಿಂದ ಪಾಶ್ಚಾತ್ಯ ಸೈನಿಕರ ಕೈಯಲ್ಲಿ ಅವು ಲೋಕವೆಲ್ಲ ಹರಡಿದವು. ಅವರ ಕುಶಲತೆಯನ್ನು ಕಡೆಗಣಿಸುವಂತಿಲ್ಲ, ಆದರೆ ಇಂಗ್ಲಿಷ್ ಅಕ್ಷರ ತಿಳಿಯದ ಕೈ ಮುದ್ರೆಯನ್ನು ಚಿತ್ರವೆಂದೇ ಬಿಡಿಸುವುದರಿಂದ ಎನ್ ತಿರುವುಮುರುವಾಗುತ್ತದೆ, ಬ್ರಿಟಿಷ್ ಸರಕಾರಿ ಕಾರ್ಖಾನೆಯ ಹೆಸರಾದ ಎನ್‌ಫೀಲ್ಡ್ ಎಂಬುದರ ಕಾಗುಣಿತ ತಪ್ಪುತ್ತದೆ. ವಿಕ್ಟೋರಿಯ ರಾಣಿಯ ವಿ.ಆರ್. ಮುದ್ರೆಯ ಕೆಳಗೆ 1901ಕ್ಕಿಂತ ಈಚಿನ ವರ್ಷವೊಂದನ್ನು ಕಂಡರೆ ಹೆಚ್ಚಿನ ಪರೀಕ್ಷೆ ಬೇಕಿಲ್ಲ, ರಾಣಿ ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದಳು.

ಭಾರತದಲ್ಲಿ ತರಬೇತಿ ರೈಫಲ್ ಎಂದೊಡನೆ ಎನ್‌ಸಿಸಿಯಲ್ಲಿ, ಅಂದರೆ ರಾಷ್ಟ್ರೀಯ ಕ್ಯಾಡೆಟ್ ದಳದಲ್ಲಿ, ಇದ್ದವರ ನೆನಪಿಗೆ ಬರುವುದು .22 ರೈಫಲ್. 1948ರಲ್ಲಿ ಎನ್‌ಸಿಸಿ ಸ್ಥಾಪನೆಯಾದಾಗ ಅದಕ್ಕೆ ದಕ್ಕಿದ್ದು ಬ್ರಿಟಿಷ್ ಸೈನ್ಯದ .303 ರೈಫಲ್ ಆದ ಲೀ–ಎನ್‌ಫೀಲ್ಡ್ ಕುಟುಂಬದ ಬ್ರಿಟಿಷ್ ಕಾಲದ ಪರಂಪರೆ. ಕರ್ನಾಟಕದ ಕಾಲೇಜು ಮೈದಾನಗಳಲ್ಲಿ ತಲೆಮಾರುಗಳು ಗುರಿ ಕಲಿತದ್ದು ಆ ಮಾದರಿಯ .22ಗಳಿಂದಲೇ. ಹಳೆಯ .303 ನಳಿಗೆಯನ್ನು ಕೊರೆದು ಹಿಗ್ಗಿಸಿ, ಒಳಗೆ .22ರ ತೆಳುನಳಿಗೆಯೊಂದನ್ನು ಕೂರಿಸುವ, ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್ ಹೆಸರಿನ ವಿಧಾನ ಈ ಜಾತಿಯಲ್ಲಿ ಸಾಮಾನ್ಯ. ನಳಿಗೆಯ ಬಾಯಿಯಲ್ಲಿ ಎರಡು ಲೋಹಗಳ ನಡುವಿನ ಸೂಕ್ಷ್ಮ ವೃತ್ತರೇಖೆಯಿಂದ ಅದು ತಿಳಿಯುತ್ತದೆ. ಇವುಗಳ ಜೊತೆ ಬೆರೆಸಿ ಗೊಂದಲಗೊಳಿಸುವ ಇನ್ನೊಂದು ವಸ್ತು, ಬಂಗಾಳದ ಇಶಾಪುರ ಕಾರ್ಖಾನೆಯ .410 ಮಸ್ಕೆಟ್. ಹೊರನೋಟಕ್ಕೆ ಅದು ಲೀ–ಎನ್‌ಫೀಲ್ಡ್, ಆದರೆ ನಳಿಗೆಯಲ್ಲಿ ಗೀರುಗಳಿಲ್ಲ, ಮ್ಯಾಗಝಿನ್‌ನೊಳಗೆ ಮರದ ತುಂಡು ತುಂಬಿ ಏಕಗುಂಡಿನದಾಗಿಸಲಾಗಿದೆ. ಇದನ್ನು ತರಬೇತಿಯ ಕೋವಿಯೆಂದು ಮಾರುವುದುಂಟು, ಆದರೆ ಪೊಲೀಸರಿಗೂ ಕಾವಲುಗಾರರಿಗೂ .303ರ ಪೂರ್ಣಬಲವನ್ನು ಕೊಡಲೊಲ್ಲದ ಆಡಳಿತದ ಅಪನಂಬಿಕೆಯ ಫಲ ಅದು. ಕೋವಿಯನ್ನು ಕಿರಿದು ಮಾಡುವುದಕ್ಕೆ ಮೇಲೆ ಹೇಳಿದ ಎರಡು ಕಾರಣಗಳಿಗೆ ಮೂರನೆಯದೊಂದನ್ನು ಭಾರತವೇ ಸೇರಿಸಿದೆ ಎನ್ನಬಹುದು.

ಸಂಗ್ರಹಿಸಿದ್ದನ್ನು ಕಾಪಾಡುವ ವಿಷಯದಲ್ಲಿ ಅನುಭವಿಗಳ ಸಲಹೆ ಒಂದೇ: ಏನನ್ನೂ ಹೊಳೆಯಿಸಬಾರದು. ಹೆಗಲಿಗೆ ಆನಿಸುವ ಬಟ್ಟಿನ ಮರದ ಮೇಲಿನ ರಾಜ್ಯದ ಅಕ್ಷರಗಳು, ಕಪಾಟಿನ ಕ್ರಮಸಂಖ್ಯೆ, ಹಿತ್ತಾಳೆ ಬಿಲ್ಲೆಯ ಮೇಲಿನ ಗುರುತು ಇವೆಲ್ಲ ಆಳವಿಲ್ಲದ ಒತ್ತುಗಳು. ಉಪ್ಪುಕಾಗದದ ಎರಡು ಉಜ್ಜಿಗೆ ಅವು ಹೋಗುತ್ತವೆ, ಬೆಲೆಯೂ ಹೋಗುತ್ತದೆ. ಆದರೂ ಮಾರಾಟಕ್ಕೆ ಬರುವ ಕ್ಯಾಡೆಟ್ ರೈಫಲ್‌ಗಳಲ್ಲಿ ವಾರ್ನಿಷು ಬಳಿದು ಮಿರುಗಿಸಿದವಕ್ಕೆ ಬರವಿಲ್ಲ.

ಪ್ರಾಚೀನ ಎಂಬ ವಿಶೇಷಣಕ್ಕೆ ಕಾನೂನಿನಲ್ಲಿ ದೇಶಕ್ಕೊಂದು ಅರ್ಥವಿದೆ. ಅಮೆರಿಕದ 1968ರ ಕಾಯಿದೆ 1898 ಅಥವಾ ಅದಕ್ಕೂ ಹಿಂದೆ ತಯಾರಾದದ್ದನ್ನು ಪ್ರಾಚೀನವೆಂದು ಪರಿಗಣಿಸುವುದರಿಂದ ಸ್ವಿಸ್ ವೆಟ್ಟರ್ಲಿ ಅದರೊಳಗೆ ಬರುತ್ತದೆ, 1910ರ ಆಸುಪಾಸಿನ ಬಿಎಸ್ಎ ಕ್ಯಾಡೆಟ್ ಬರುವುದಿಲ್ಲ. ಬ್ರಿಟನ್ ವಯಸ್ಸಿನ ಜೊತೆಗೆ ತೋಟಾವನ್ನೂ ನೋಡುತ್ತದೆ. ಇಂದಿಗೂ ಅಂಗಡಿಯಲ್ಲಿ ಸಿಗುವ .22ರ ರೈಫಲ್ ಎಷ್ಟು ಹಳೆಯದಾದರೂ ಆ ರಿಯಾಯಿತಿ ಪಡೆಯದು. ಭಾರತದ 1959ರ ಆಯುಧ ಕಾಯಿದೆಯ 45ನೆಯ ಕಲಮು ಬಳಕೆ ತಪ್ಪಿದ ಅಥವಾ ಪ್ರಾಚೀನ ಮೌಲ್ಯದ ಆಯುಧಗಳಿಗೆ ವಿನಾಯಿತಿ ಕೊಡುತ್ತದಾದರೂ, ರಿಪೇರಿ ಮಾಡಿಯೂ ಹಾರಿಸಲಾಗದಂತಿರಬೇಕೆಂಬ ಷರತ್ತು ಅದಕ್ಕಿದೆ. ಒಂದು ಮೊಳೆ ಬದಲಿಸಿದರೆ ಸಿಡಿಯುವ ಮಾರ್ಟಿನಿ ಅದರ ವ್ಯಾಪ್ತಿಗೆ ಬರುವುದು ಕಷ್ಟ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಈ ಸಂದರ್ಭದಲ್ಲಿ ಉದಾಹರಿಸುವವರಿದ್ದಾರೆ, ಆದರೆ ಅದು ನಿಂತಿರುವುದು ಸಮುದಾಯ ಮತ್ತು ಭೂಹಿಡುವಳಿಯ ಮೇಲೆ, ಕೋವಿಯ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅಜ್ಜನ ಕಾಲದ ರೈಫಲ್ ಮನೆಯ ಅಟ್ಟದಲ್ಲಿ ಸಿಕ್ಕಿದವರು ಅದರ ಮುದ್ರೆಗಳನ್ನು ಓದುವ ಮೊದಲು ಪರವಾನಗಿ ಪ್ರಾಧಿಕಾರಕ್ಕೆ ತಿಳಿಸಬೇಕಾಗುತ್ತದೆ. ನೂರು ವರ್ಷ ದಾಟಿದ್ದನ್ನು ದೇಶದ ಹೊರಗೆ ಕಳಿಸಬೇಕೆಂದರೆ 1972ರ ಪ್ರಾಚ್ಯವಸ್ತು ಕಾಯಿದೆಯನ್ನೂ ನೋಡಿಕೊಳ್ಳಬೇಕು.